ಮರುಲೇಪನ ಮಾಡಿಸಿದ ಸಿಲಿಂಡರನ್ನು ಪೆಟ್ರೋಲಿನಲ್ಲಿ ತೊಳೆದು ಜೋಡಿಸಿದರೆ ಸಾಕೇ?

ನಿಮ್ಮ ಕೆಟಿಎಂ 390 ಡ್ಯೂಕ್ ಬೈಕಿನ ಸಿಲಿಂಡರಿಗೆ ಮತ್ತೆ ನಿಕಾಸಿಲ್ ಲೇಪನ ಹಾಕಿಸಿ ತಂದಿರುವುದಾಗಿಯೂ, ಅದನ್ನು ಪೆಟ್ರೋಲಿನಲ್ಲಿ ತೊಳೆದು ಜೋಡಿಸಬಹುದೇ ಎಂದೂ ಕೇಳಿದ್ದೀರಿ. ಅಷ್ಟು ಸಾಲದು. ಮೊದಲ ಸಲ ನಾನೂ ಹಾಗೆಯೇ ಮಾಡಿದ್ದೆ. ಕೆಲವೇ ತಿಂಗಳಲ್ಲಿ ಎಂಜಿನ್ ಆಯಿಲ್ ಕುಡಿಯತೊಡಗಿತು, ಬಿಚ್ಚಿ ನೋಡಿದಾಗ ಪಿಸ್ಟನ್ನಿನ ಮೈಮೇಲೆ ಉದ್ದುದ್ದ ಗೀರುಗಳು ಬಿದ್ದಿದ್ದವು.

ನಿಕ್ಕಲ್ ಪದರದೊಳಗೆ ಸಿಲಿಕಾನ್ ಕಾರ್ಬೈಡಿನ ಸೂಕ್ಷ್ಮ ಕಣಗಳನ್ನು ಹುದುಗಿಸಿದ ಲೇಪನವೇ ನಿಕಾಸಿಲ್. ಅದು ಬಹಳ ಗಡುಸಾದ್ದರಿಂದ ಅಳತೆಗೆ ತರಲು ವಜ್ರದ ಹೋನಿಂಗ್ ಕಲ್ಲನ್ನು (ಸಿಲಿಂಡರಿನ ಒಳಮೈಯನ್ನು ಉಜ್ಜುವ ಕಲ್ಲು) ಬಳಸುತ್ತಾರೆ, ಮತ್ತು ಆಗ ಉದುರುವ ಪುಡಿ ಎಣ್ಣೆಯೊಂದಿಗೆ ಕಲೆತು ಹೋನಿಂಗಿನ ಅಡ್ಡಗೀರುಗಳ ಸಂದಿನಲ್ಲಿ ಕುಳಿತುಬಿಡುತ್ತದೆ. ಪೆಟ್ರೋಲ್ ಎಣ್ಣೆಯನ್ನು ಕರಗಿಸಿ ಆರಿಹೋಗುತ್ತದೆ, ಪುಡಿಯ ಬಹುಪಾಲು ಇದ್ದಲ್ಲಿಯೇ ಉಳಿಯುತ್ತದೆ. ಅದನ್ನು ಎತ್ತಿ ಹೊರಗೆ ತರುವುದು ಬಿಸಿನೀರು ಮತ್ತು ಪಾತ್ರೆ ತೊಳೆಯುವ ದ್ರವ ಸೋಪು. ಆರ್‌ಎಕ್ಸ್ 100, ಬುಲೆಟ್‌ಗಳಲ್ಲಿ ಕೈ ಪಳಗಿಸಿಕೊಂಡ ಮೆಕ್ಯಾನಿಕರು ನೀರಿಗೆ ಹೆದರುವುದು ಸಹಜವೇ, ಏಕೆಂದರೆ ಅಲ್ಲಿನ ಎರಕದ ಕಬ್ಬಿಣದ ಸ್ಲೀವ್ (ಸಿಲಿಂಡರಿನ ಒಳಕೊಳವೆ) ತೊಳೆದ ಕೆಲವೇ ನಿಮಿಷಗಳಲ್ಲಿ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ನಿಕ್ಕಲ್ಲಿಗೆ ಆ ಕೆಂಪು ತುಕ್ಕು ಹಿಡಿಯುವುದಿಲ್ಲ.

ತೊಳೆಯುವ ಮೊದಲು ಬೋರಿನ, ಅಂದರೆ ಪಿಸ್ಟನ್ ಓಡಾಡುವ ಒಳರಂಧ್ರದ, ಮೇಲಿನ ಹಾಗೂ ಕೆಳಗಿನ ಅಂಚಿನ ಸುತ್ತ ಉಗುರಾಡಿಸಿ ನೋಡಿ. ಲೇಪನ ಅಂಚಿನಾಚೆ ಗಂಟುಗಟ್ಟಿದ್ದರೆ ಅಥವಾ ಚಕ್ಕೆ ಏಳುವಂತಿದ್ದರೆ ಅದನ್ನು ಲೇಪಿಸಿದವರಿಗೇ ಹಿಂದಿರುಗಿಸುವುದು ಒಳ್ಳೆಯದು. ಬಳಿಕ ಕೂಲಂಟ್ ಹರಿಯುವ ದಾರಿ, ಬೋಲ್ಟ್ ತೂತುಗಳು, ಟೈಮಿಂಗ್ ಚೈನಿನ ಸುರಂಗ, ಇವುಗಳನ್ನು ಟಾರ್ಚ್ ಹಿಡಿದು ಪರೀಕ್ಷಿಸಿ. ಹೊರಮೈಯನ್ನು ಗಾಜಿನ ಮಣಿಗಳಿಂದ ಬ್ಲಾಸ್ಟ್ ಮಾಡಿದ್ದರೆ ಮೂಲೆಗಳಲ್ಲಿ ಮಣಿಗಳು ಉಳಿದಿರುತ್ತವೆ, ಮತ್ತು ಅಂಥ ನಾಲ್ಕೇ ಮಣಿಗಳು ಆಯಿಲ್ ಸೇರಿದರೂ ಹೊಸ ಲೇಪನದ ಖರ್ಚೆಲ್ಲ ವ್ಯರ್ಥವಾದೀತು. ನೀರು, ತೆಳ್ಳನೆಯ ಬ್ರಷ್, ಕಂಪ್ರೆಸರಿನ ಗಾಳಿ, ಮೂರನ್ನೂ ಬಳಸಿ ಅವನ್ನು ಹೊರಡಿಸಿ.

ಬೋರನ್ನು ನೈಲಾನ್ ಬ್ರಷ್ಷಿನಿಂದ ಗೀರುಗಳ ಓರೆಯಲ್ಲಿಯೇ ಉಜ್ಜಿ, ನೀರನ್ನು ಬದಲಿಸುತ್ತ ಮೂರು ನಾಲ್ಕು ಸಲ ತೊಳೆಯಿರಿ. ಕಾಸ್ಟಿಕ್ ಸೋಡಾ ಸಿಲಿಂಡರಿನ ಅಲ್ಯೂಮಿನಿಯಮ್ಮನ್ನೇ ತಿನ್ನುವುದರಿಂದ ಅದನ್ನು ಹತ್ತಿರವೂ ತರಬೇಡಿ. ಮರಳು ಕಾಗದದ ಅಗತ್ಯವೂ ಇಲ್ಲ. ಚೆನ್ನಾಗಿ ಒಣಗಿಸಿದ ಮೇಲೆ ನೂಲು ಬಿಡದ ಬಿಳಿ ಬಟ್ಟೆಗೆ ತುಸು ಎಂಜಿನ್ ಆಯಿಲ್ ಹಚ್ಚಿ ಬೋರನ್ನು ಒರೆಸಿ. ಬಟ್ಟೆಯ ಮೇಲೆ ಬೂದು ಛಾಯೆ ಮೂಡಿದರೆ ಮತ್ತೆ ಸೋಪುನೀರಿಗೆ ಹೋಗಿ. ಕಣ್ಣಿಗೆ ಫಳಫಳ ಹೊಳೆಯುವ ಬೋರಿನಿಂದಲೂ ಬೂದು ಬಣ್ಣ ಬರುವುದನ್ನು ನಾನು ನೋಡಿರುವುದರಿಂದ ಬಟ್ಟೆಯ ಸಾಕ್ಷ್ಯವನ್ನಷ್ಟೇ ನಂಬುತ್ತೇನೆ.

ಇನ್ನು ಅಳತೆ. ಲೇಪಿಸಿದವರು ಚೀಟಿಯಲ್ಲಿ ಬರೆದ ಸಂಖ್ಯೆಗೆ ತೃಪ್ತರಾಗದೆ, ಹಾಕಲಿರುವ ಪಿಸ್ಟನ್ನನ್ನು ಜೊತೆಗೊಯ್ದು ಬೋರ್ ಗೇಜು (ಬೋರಿನ ವ್ಯಾಸ ಅಳೆಯುವ ಸಾಧನ) ಇರುವಲ್ಲಿ ಎರಡರ ನಡುವಿನ ಸಂದನ್ನು ಅಳೆಸಿ. ಬಳಿಕ ಪಿಸ್ಟನ್ ರಿಂಗನ್ನು ಬೋರಿಗಿಳಿಸಿ, ಪಿಸ್ಟನ್ನಿನ ತಲೆಯಿಂದ ಸಮವಾಗಿ ತಳ್ಳಿ, ರಿಂಗಿನ ತುದಿಗಳ ಅಂತರವನ್ನು ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಪಟ್ಟಿಗಳು) ನೋಡಿ. ಎರಡೂ ಸರ್ವಿಸ್ ಕೈಪಿಡಿಯ ಮಿತಿಯೊಳಗಿದ್ದರೆ, ಬೋರಿಗೂ ಪಿಸ್ಟನ್ನಿಗೂ ತೆಳುವಾಗಿ ಆಯಿಲ್ ಸವರಿ, ಹೊಸ ಗ್ಯಾಸ್ಕೆಟ್ ಇಟ್ಟು ಅಂದೇ ಜೋಡಿಸಿಬಿಡಿ. ಮರುದಿನಕ್ಕೆ ಉಳಿಸಲೇಬೇಕಾದರೆ ಧೂಳು ಕೂರದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಿ.