‘ಶಿಥಿಲ’ ಅಂದವರು ವರದಿ ತೋರಿಸಲಿ

ಪ್ರಶ್ನೆ: ನಮ್ಮೂರಿನ ಹಳೇ ಮಾರ್ಕೆಟ್ ಮಹಾರಾಜರ ಕಾಲದ್ದು. ಸುಣ್ಣದ ಗಾರೆಯ ಗೋಡೆ, ಮದ್ರಾಸ್ ತಾರಸಿ (ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಸೂರು). ಶಿಥಿಲವಾಗಿದೆ ಎಂದು ಕೆಡವಿ ಕಾಂಪ್ಲೆಕ್ಸ್ ಕಟ್ಟುತ್ತಾರಂತೆ. ನಾವು ಕೆಲವರು ಸಹಿ ಸಂಗ್ರಹಿಸುತ್ತಿದ್ದೇವೆ. ಇದರಿಂದ ಏನಾದರೂ ಆಗುತ್ತಾ?
– ಹೆಸರು, ಊರು ಬೇಡ ಎಂದಿರುವ ಓದುಗರು

ಉತ್ತರ: ಖಂಡಿತ ಆಗುತ್ತೆ. ಬೆಂಗಳೂರಿನ ಅಠಾರ ಕಚೇರಿಯನ್ನೇ ನೋಡಿ. 1868ರಲ್ಲಿ ಮುಗಿದ ಕೆಂಪು ಕಟ್ಟಡ. 1980ರ ದಶಕದಲ್ಲಿ ಅದನ್ನೂ ಕೆಡವಲು ಹೊರಟಿದ್ದರು. ಜನ ವಿರೋಧಿಸಿದರು, ಕೋರ್ಟಿಗೂ ಹೋದರು. ಕಟ್ಟಡ ಉಳಿಯಿತು. ಹೈಕೋರ್ಟ್ ಇವತ್ತಿಗೂ ಅಲ್ಲೇ ಇದೆ.

ಸಹಿ ಸಂಗ್ರಹ ನಡೆಯಲಿ. ಆದರೆ ಮೊದಲು ಒಂದು ಕಾಗದ ನಿಮ್ಮ ಕೈಗೆ ಬರಬೇಕು. ಶಿಥಿಲ ಎಂದವರು ಯಾರು? ಯಾವ ಪರೀಕ್ಷೆ ಮಾಡಿ ಹೇಳಿದರು? ಆ ವರದಿಯ ನಕಲು ಕೇಳಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಹಾಗಾಗಿ ಮಾರ್ಕೆಟ್ಟಿನ ಇತಿಹಾಸವನ್ನೆಲ್ಲ ಅದರಲ್ಲಿ ತುಂಬಬೇಡಿ. 30 ದಿನದೊಳಗೆ ಉತ್ತರ ಕೊಡಬೇಕು.

ವರದಿಗೆ ಇಷ್ಟು ಒತ್ತು ಕೊಡಲು ಕಾರಣ ಇದೆ. ಸಿವಿಲ್ ಎಂಜಿನಿಯರ್ ಆಗಿ ನಾನು ನೋಡಿದ ಹಳೇ ಕಟ್ಟಡಗಳಲ್ಲಿ ತೊಂದರೆ ಶುರುವಾಗಿದ್ದು ಹೆಚ್ಚಾಗಿ ನೀರಿನಿಂದ. ತಾರಸಿ ಸೋರುತ್ತೆ. ಗೋಡೆಯೊಳಗೆ ಸೇರಿದ ತೊಲೆಯ ತುದಿ ಕೊಳೆಯುತ್ತೆ. ಬಿರುಕಿನಲ್ಲಿ ಅರಳಿ ಸಸಿ ಬೇರು ಬಿಡುತ್ತೆ. ಆಮೇಲೆ ರಿಪೇರಿ ಎಂದು ಗಾರೆ ಗೋಡೆಗೆ ಸಿಮೆಂಟ್ ಮೆತ್ತುತ್ತಾರೆ. ಗಾರೆ ತೇವವನ್ನು ಹೊರಗೆ ಬಿಡುತ್ತೆ. ಸಿಮೆಂಟ್ ಅದನ್ನು ಒಳಗೇ ಹಿಡಿದಿಡುತ್ತೆ. ಗೋಡೆ ಉದುರಿದಾಗ ಮಾತ್ರ ‘ವಯಸ್ಸಾಯ್ತು’ ಅನ್ನುತ್ತಾರೆ! ಕಾಂಕ್ರೀಟ್ ಮಾತ್ರ ಬಲ್ಲವರ ಅಭಿಪ್ರಾಯ ಇಲ್ಲಿ ಸಾಲದು. ಗಾರೆ ಕೆಲಸ ಬಲ್ಲ ಸಂರಕ್ಷಣಾ ಎಂಜಿನಿಯರ್‌ ಕಡೆಯಿಂದ ಎರಡನೇ ಪರೀಕ್ಷೆ ಆಗಲಿ ಎಂದು ಪಟ್ಟು ಹಿಡಿಯಿರಿ.

ಹಾಗಂತ ಅಪಾಯವೇ ಇಲ್ಲ ಎಂದು ಯಾವತ್ತೂ ಹೇಳಬೇಡಿ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. 2016ರಲ್ಲಿ ಅದೇ ಊರಿನ ದೇವರಾಜ ಮಾರುಕಟ್ಟೆಯ ಒಂದು ಭಾಗ ದುರಸ್ತಿ ನಡೆಯುತ್ತಿದ್ದಾಗಲೇ ಬಿತ್ತು. ಅದನ್ನು ಕೆಡವಿ ಎಂದ ತಜ್ಞರೂ ಇದ್ದರು, ಉಳಿಸಬಹುದು ಎಂದ ತಜ್ಞರೂ ಇದ್ದರು. ಜಗಳ ಕೋರ್ಟ್ ಮೆಟ್ಟಿಲು ಹತ್ತಿತು. ದುರ್ಬಲ ಭಾಗಕ್ಕೆ ತಕ್ಷಣ ಆಸರೆ ಕೊಡಿ, ಅಲ್ಲಿಂದ ಜನರನ್ನು ದೂರವಿಡಿ ಎಂದು ನೀವೇ ಮೊದಲು ಲಿಖಿತವಾಗಿ ಕೇಳಿ.

ರಾಜ್ಯದ 1961ರ ಸ್ಮಾರಕ ಕಾಯ್ದೆಯನ್ನು ಜಾಸ್ತಿ ನಂಬಿಕೊಳ್ಳಬೇಡಿ. ಸಂರಕ್ಷಿತ ಎಂದು ಘೋಷಣೆಯಾಗದ ಕಟ್ಟಡಕ್ಕೆ ಅದರ ರಕ್ಷಣೆ ಸಿಗುವುದಿಲ್ಲ.

ಇನ್ನೊಂದು ಮಾತು. ನಿಮ್ಮ ಪತ್ರದಲ್ಲಿ ಅಂಗಡಿಯವರ ಸುದ್ದಿಯೇ ಇಲ್ಲ. ಸೋರುವ ಸೂರಿನ ಕೆಳಗೆ ದಿನವಿಡೀ ಕೂರುವವರು ಅವರು ಅಲ್ವಾ? ಕಾಂಪ್ಲೆಕ್ಸಿನಲ್ಲಿ ಬಾಡಿಗೆ ಎಷ್ಟು, ಕಟ್ಟುವ ತನಕ ವ್ಯಾಪಾರ ಎಲ್ಲಿ, ಕೆಳಗಿನ ಮಳಿಗೆ ವಾಪಸ್ ಸಿಗುತ್ತಾ ಎಂಬುದೇ ಅವರ ಚಿಂತೆ. ಈ ವಾರವೇ ಹೋಗಿ ಅವರ ಜೊತೆ ಕೂತು ಮಾತಾಡಿ. ಮುಂದಿನ ಮನವಿಯಲ್ಲಿ ಮೊದಲ ಸಹಿ ಅವರದ್ದಿರಲಿ.