ಎಚ್-4ನಲ್ಲಿದ್ದೀನಿ (ಎಚ್-1ಬಿ ಥರದ ಕೆಲಸದ ವೀಸಾದಲ್ಲಿರೋರ ಗಂಡ/ಹೆಂಡತಿ, ಮಕ್ಕಳಿಗೆ ಸಿಗೋ ಸ್ಟೇಟಸ್), ಮಾಸ್ಟರ್ಸ್‌ಗೆ ಸೀಟ್ ಸಿಕ್ಕಿದೆ. ಅಮೆರಿಕದಲ್ಲೇ ಇದ್ದು ಎಫ್-1 ಸ್ಟೂಡೆಂಟ್ ಸ್ಟೇಟಸ್‌ಗೆ ಬದಲಾಯಿಸ್ಕೋಬಹುದಾ?

ಬದಲಾಯಿಸ್ಕೋಬಹುದು, ನಾನೂ ಇಲ್ಲೇ ಇದ್ಕೊಂಡು ಎಚ್-4ರಿಂದ ಎಫ್-1ಗೆ ಬಂದೋಳೇ. ಆದ್ರೆ ಮೊದ್ಲು ಬೇಕಾ ಅಂತ ಯೋಚ್ನೆ ಮಾಡಿ, ಯಾಕಂದ್ರೆ ಎಚ್-4ನಲ್ಲೇ ಫುಲ್‌ಟೈಮ್ ಓದ್ಬಹುದು, ಯಾರೂ ತಡೆಯಲ್ಲ (ಬಿ-2 ಟೂರಿಸ್ಟ್ ವೀಸಾದಲ್ಲಿ ಬಂದಿರೋರ ಕಥೆ ಬೇರೆ, ಎಫ್-1 ಅಪ್ರೂವ್ ಆಗೋ ತನಕ ಅವ್ರು ಕೋರ್ಸ್ ಶುರು ಮಾಡೋ ಹಾಗಿಲ್ಲ). ಎಫ್-1 ಬೇಕಾಗೋದು ಕೆಲಸಕ್ಕೆ. ಕ್ಯಾಂಪಸ್ ಜಾಬ್, ಸಿಪಿಟಿ (ಓದೋವಾಗ್ಲೇ ಕೋರ್ಸಿನ ಭಾಗವಾಗಿ ಮಾಡೋ ಕೆಲಸ), ಓದು ಮುಗಿದ್ಮೇಲೆ 12 ತಿಂಗಳ ಒಪಿಟಿ (ಓದಿದ ವಿಷಯದಲ್ಲೇ ಕೆಲಸ ಮಾಡೋಕೆ ಅನುಮತಿ), ಸ್ಟೆಮ್ ಕೋರ್ಸ್ (ವಿಜ್ಞಾನ, ಟೆಕ್ನಾಲಜಿ, ಎಂಜಿನಿಯರಿಂಗ್, ಗಣಿತ) ಆದ್ರೆ ಮೇಲೆ ಇನ್ನೊಂದು 24 ತಿಂಗಳು. ಆದ್ರೆ ನಿಮ್ಮ ಹತ್ರ ಈಗ ಎಚ್-4 ಇಎಡಿ (ಕೆಲಸ ಮಾಡೋಕೆ ಪರ್ಮಿಟ್ ಕಾರ್ಡ್) ಇದ್ದು ಕೆಲಸ ಮಾಡ್ತಿದ್ರೆ, ಎಫ್-1 ಆದ್ಮೇಲೆ ಅದ್ರಲ್ಲಿ ಕೆಲಸ ಮಾಡೋಕಾಗಲ್ಲ, ಹಾಗಾಗಿ ಇಎಡಿ ಇರೋರು ಸುಮ್ನೆ ಎಚ್-4ನಲ್ಲೇ ಓದೋದು ವಾಸಿ ಅನ್ನೋದು ನನ್ನ ಲೆಕ್ಕ.

ಬೇಕೇ ಬೇಕು ಅಂದ್ರೆ ಕಾಲೇಜಿನ ಡಿಎಸ್‌ಓ (ವಿದೇಶಿ ವಿದ್ಯಾರ್ಥಿಗಳ ವ್ಯವಹಾರ ನೋಡ್ಕೊಳ್ಳೋ ಅಧಿಕಾರಿ) ಹತ್ರ ಚೇಂಜ್ ಆಫ್ ಸ್ಟೇಟಸ್‌ಗೆ ಅಂತ ಹೇಳಿಯೇ ಐ-20 (ಎಫ್-1ಗೆ ಕಾಲೇಜು ಕೊಡೋ ಪತ್ರ) ತಗೊಳ್ಳಿ, 350 ಡಾಲರ್ ಸೆವಿಸ್ ಫೀ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆಗೆ ಕಟ್ಟೋದು) ಕಟ್ಟಿ, ಎಚ್-4 ಇನ್ನೂ ಚಾಲ್ತಿಯಲ್ಲಿರೋವಾಗ್ಲೇ ಐ-539 ಅಂದ್ರೆ ಸ್ಟೇಟಸ್ ಬದಲಾಯಿಸೋ ಅರ್ಜಿ ಹಾಕಿ. 2024ರ ಏಪ್ರಿಲ್‌ನಲ್ಲಿ ಅದ್ರ ಫೀ ಆನ್‌ಲೈನ್‌ಗೆ 420, ಪೇಪರ್‌ಗೆ 470 ಡಾಲರ್ ಆಯ್ತು, ಕಟ್ಟೋ ಮುಂಚೆ ಒಂದ್ಸಲ ಚೆಕ್ ಮಾಡ್ಕೊಳ್ಳಿ. ಅರ್ಜಿ ನೋಡೋ ಇಮಿಗ್ರೇಷನ್ ಇಲಾಖೆ ಯುಎಸ್‌ಸಿಐಎಸ್ ತಿಂಗಳುಗಟ್ಲೆ ಕಾಯಿಸುತ್ತೆ. ಹೆಚ್ಚು ಫೀ ಕಟ್ಟಿ ಬೇಗ ಮಾಡಿಸ್ಕೊಳ್ಳೋ ಪ್ರೀಮಿಯಂ ಇದೆ, ಆದ್ರೆ ಅದ್ರ 30 ವರ್ಕಿಂಗ್ ಡೇ ಲೆಕ್ಕ ಶುರುವಾಗೋದು ಬಯೋಮೆಟ್ರಿಕ್ಸ್ ಮುಗಿದ್ಮೇಲೆ. ಅಷ್ಟರಲ್ಲಿ ಸೆಮಿಸ್ಟರ್ ಶುರುವಾಗ್ಬಿಟ್ರೆ ನೀವು ಎಚ್-4ನಲ್ಲೇ ಕ್ಲಾಸಿಗೆ ಹೋಗ್ಬಹುದು, ಕ್ಯಾಂಪಸ್ ಕೆಲಸಕ್ಕೆ ಮಾತ್ರ ಕೈ ಹಾಕ್ಬೇಡಿ, ಐ-20ಯಲ್ಲಿರೋ ಡೇಟ್ ಮುಂದಕ್ಕೆ ಹಾಕೋಕೆ ಡಿಎಸ್‌ಓಗೆ ಮುಂಚೆನೇ ಹೇಳಿ.

ಅರ್ಜಿ ಪೆಂಡಿಂಗ್ ಇರೋವಾಗ ಮನೇಲಿ ಮದುವೆ ಮುಂಜಿ ಏನೇ ಇರ್ಲಿ ದೇಶ ಬಿಟ್ಟು ಹೊರಗೆ ಹೋದ್ರೆ ಅರ್ಜಿ ಅಲ್ಲಿಗೇ ಬಿದ್ದೋಗುತ್ತೆ. ಅಪ್ರೂವ್ ಆದ್ರೂ ಸಿಗೋದು ಬರೀ ಸ್ಟೇಟಸ್ (ಇಲ್ಲಿರೋಕೆ ಅನುಮತಿ), ಪಾಸ್‌ಪೋರ್ಟಲ್ಲಿ ವೀಸಾ ಬರಲ್ಲ, ಮುಂದೆ ಯಾವಾಗ್ಲಾದ್ರೂ ಊರಿಗೆ ಹೋದ್ರೆ ಕಾನ್ಸುಲೇಟ್‌ನಲ್ಲಿ ಎಫ್-1 ವೀಸಾ ಸ್ಟ್ಯಾಂಪಿಂಗ್ ಮಾಡಿಸ್ಕೊಂಡೇ ವಾಪಸ್ ಬರ್ಬೇಕು, ಆಗ ಓದು ಮುಗಿಸಿ ಭಾರತಕ್ಕೆ ತಿರುಗಿ ಬರ್ತೀರಾ ಅನ್ನೋ ಪ್ರಶ್ನೆ ಏಳುತ್ತೆ. ಎಚ್-4ಗೆ ಈ ಕಾಟ ಇಲ್ಲ. ನಿಮ್ಮನೆಯವ್ರ ಗ್ರೀನ್‌ಕಾರ್ಡ್ ಪ್ರೋಸೆಸ್ ಶುರುವಾಗಿದ್ರೆ (ಇಲ್ಲೇ ಉಳಿಯೋ ಉದ್ದೇಶ ಅಂತ ಕಾಣುತ್ತೆ) ಅರ್ಜಿ ಹಾಕೋಕೆ ಮುಂಚೆ ಲಾಯರ್ ಹತ್ರ ಒಂದ್ಸಲ ಮಾತಾಡಿ, ಈ ವಿಷ್ಯ ಡಿಎಸ್‌ಓ ನೋಡಲ್ಲ.