ಸಭೆಯ ಹಿರಿಯರೇ ಚೀಟಿ ಹಣ ಮುಳುಗಿಸಿದರೆ?

ಪ್ರಶ್ನೆ: ಅಯ್ಯನವರೇ, ನಮ್ಮದು ತಾಲ್ಲೂಕು ಕೇಂದ್ರದ ಸಣ್ಣ ಕ್ರೈಸ್ತ ಸಭೆ. ಕಮಿಟಿಯಲ್ಲಿರುವ ಹಿರಿಯರೊಬ್ಬರು ಚೀಟಿ ನಡೆಸುತ್ತಿದ್ದರು. ಸಂತೆಯಲ್ಲಿ ಹೂ ಮಾರುವ ಅಕ್ಕ, ಆಟೋ ಓಡಿಸುವವರು, ನಮ್ಮ ಸಭೆಯ ಕೆಲವರು ಹಣ ಕಟ್ಟಿದ್ದರು. ಈಗ ಆ ಹಿರಿಯರು ಹಣ ವಾಪಸ್ ಕೊಡುತ್ತಿಲ್ಲ. ಊರಲ್ಲಿ ‘ಚರ್ಚಿನವರನ್ನು ನಂಬಿ ಕೆಟ್ಟೆವು’ ಎನ್ನುತ್ತಾರೆ. ಕಾಲೇಜಿನಲ್ಲಿ ನನ್ನ ಮಗನೂ ಈ ಮಾತು ಕೇಳಿಸಿಕೊಂಡು ಬಂದ. ಕಮಿಟಿಯವರು ಮಾತ್ರ ‘ಅದು ಅವರ ಸ್ವಂತ ವ್ಯವಹಾರ, ಸುಮ್ಮನಿರಿ, ಸಭೆಯ ಹೆಸರು ಹಾಳಾಗುತ್ತೆ’ ಎನ್ನುತ್ತಿದ್ದಾರೆ. ನಾನೇನು ಮಾಡಲಿ?
– ಒಬ್ಬ ಸಹೋದರಿ, ಹಾಸನ ಜಿಲ್ಲೆ

ಉತ್ತರ: ಸಹೋದರಿ, ಹೆಸರು ಆಗಲೇ ಹಾಳಾಗಿದೆ. ಸುಮ್ಮನಿದ್ದು ಉಳಿಸುವುದಕ್ಕೆ ಏನೂ ಇಲ್ಲ.

ಹೂ ಮಾರುವ ಅಕ್ಕ ಹಣ ಕೊಟ್ಟಿದ್ದು ಯಾಕೆ? ಭಾನುವಾರ ಬೈಬಲ್ ಹಿಡಿದು ದೇವಾಲಯಕ್ಕೆ ಹೋಗುವವರು ಮೋಸ ಮಾಡಲ್ಲ ಎಂದು ನಂಬಿ. ಸಭೆಯ ಹೆಸರನ್ನೇ ಜಾಮೀನಿಟ್ಟು ಪಡೆದ ಹಣ ಅದು. ಸ್ವಂತ ವ್ಯವಹಾರ ಎನ್ನುವುದು ಹೇಗೆ?

ಬೈಬಲಿನಲ್ಲಿ ಕೊರಿಂಥದ ಸಭೆಯವರಿಗೆ ಅಪೊಸ್ತಲ ಪೌಲ ಬರೆದ ಮೊದಲನೆಯ ಪತ್ರದ 5ನೇ ಅಧ್ಯಾಯವನ್ನು ಕಮಿಟಿಯವರ ಎದುರು ಓದಿ. ಅಲ್ಲಿ ಒಬ್ಬ ತನ್ನ ತಂದೆಯ ಹೆಂಡತಿಯನ್ನೇ ಇಟ್ಟುಕೊಂಡಿದ್ದ. ತಪ್ಪು ಒಬ್ಬನದು. ಆದರೆ ಪೌಲ ಗದರಿಸಿದ್ದು ಇಡೀ ಸಭೆಯನ್ನು. ಇಂಥದ್ದು ನಡೆಯುತ್ತಿದ್ದರೂ ಹೆಮ್ಮೆಪಡುತ್ತಿದ್ದೀರಲ್ಲ, ದುಃಖಪಡಬೇಕಿತ್ತಲ್ಲವೇ ಎಂದು ಕೇಳುತ್ತಾನೆ. ಸ್ವಲ್ಪ ಹುಳಿಹಿಟ್ಟು ಕಣಕವನ್ನೆಲ್ಲಾ ಹುಳಿ ಮಾಡುತ್ತದೆ ಎಂಬ ಮಾತು ಬರುವುದು ಅಲ್ಲಿಯೇ.

ಆಗ ಯಾರಾದರೂ ಮುಂದಿನ ಅಧ್ಯಾಯ ತೆಗೆಯುತ್ತಾರೆ. ವಿಶ್ವಾಸಿಗಳು ಕೋರ್ಟಿಗೆ ಹೋಗಬಾರದು ಎಂದು ಪೌಲನೇ ಹೇಳಿದ್ದಾನಲ್ಲ ಎನ್ನುತ್ತಾರೆ. ಅದು ಸಹೋದರರ ನಡುವಿನ ಜಗಳದ ಮಾತು. ಸಭೆಗೆ ಸೇರದ ಆ ಅಕ್ಕನ ಬಾಯಿ ಮುಚ್ಚಿಸಲು ಅದನ್ನು ಬಳಸಬೇಡಿ. 1982ರ ಚಿಟ್ ಫಂಡ್ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದೆ ಚೀಟಿ ನಡೆಸುವುದೇ ಅಪರಾಧ. ಹಣ ಕಳೆದುಕೊಂಡವರು ಪೊಲೀಸರ ಹತ್ತಿರ ಹೋದರೆ ಸಭೆಯವರು ಯಾರೂ ತಡೆಯಬಾರದು. ಕೈಯಲ್ಲಿ ಚೀಟಿ ಪುಸ್ತಕವಿದ್ದರೆ ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಲು ಹೇಳಿ.

ನಾನು ಸಭಾಪಾಲಕನಾಗಿದ್ದ ಒಂದು ಊರಲ್ಲಿ ಸುಗ್ಗಿ ಹಬ್ಬಕ್ಕೆ ಜನ ತಂದುಕೊಟ್ಟ ಕಾಣಿಕೆಗಳ ಏಲಂ ಹಣ ಲೆಕ್ಕಕ್ಕೆ ಸಿಗಲಿಲ್ಲ. ನಾನು ಬರುವ ಮೊದಲೇ ನಡೆದದ್ದು. ‘ಒಳಗೊಳಗೇ ಸರಿಮಾಡೋಣ’ ಎಂದು ಕಮಿಟಿ ಮುಚ್ಚಿಟ್ಟಿತ್ತು. ಕಾಣಿಕೆ ಚೀಲ ವಾರವಾರವೂ ಹಗುರವಾಗುತ್ತಾ ಬಂದಿತ್ತು. ಗದ್ದೆ ಕೆಲಸಕ್ಕೆ ಹೋಗುವ ಒಬ್ಬ ಅಜ್ಜಿ ನನ್ನನ್ನು ಕೇಳಿದರು: ‘ಅಯ್ಯ, ನಾನು ಕೊಟ್ಟ ಕೋಳಿ ದುಡ್ಡು ದೇವರಿಗೆ ಹೋಯ್ತಾ, ಅವರ ಮನೆಗೆ ಹೋಯ್ತಾ?’ ಆಮೇಲೆ ಪ್ರತಿ ತಿಂಗಳ ಲೆಕ್ಕವನ್ನು ಬಾಗಿಲ ಪಕ್ಕದ ಬೋರ್ಡಿಗೆ ಅಂಟಿಸತೊಡಗಿದೆವು. ನಂಬಿಕೆ ಮರಳಿತು, ಆದರೆ ಬಹಳ ನಿಧಾನವಾಗಿ. ಜೆರುಸಲೇಮಿನ ಬಡವರಿಗಾಗಿ ಹಣ ಕೂಡಿಸುವಾಗ ಪೌಲನೂ ಅದನ್ನು ಒಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ಯಾರೂ ತಪ್ಪು ಹೊರಿಸಬಾರದು ಎಂದು ತನ್ನ ಜೊತೆಗೆಲಸಗಾರ ತೀತನ ಜೊತೆ ಸಭೆಗಳು ಆರಿಸಿದವರನ್ನೂ ಸೇರಿಸಿಕೊಂಡ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8ನೇ ಅಧ್ಯಾಯದಲ್ಲಿ ಇದೆ.

ನೀವು ಮಾಡಬೇಕಾದದ್ದನ್ನು ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯ ಹೇಳುತ್ತದೆ. ಮೊದಲು ನೀವೇ ಆ ಹಿರಿಯರ ಹತ್ತಿರ ಹೋಗಿ. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ. ಆಗಲೂ ಕೇಳದಿದ್ದರೆ ಸಭೆಯ ಮುಂದೆ ತನ್ನಿ. ಆ ಹಿರಿಯರು ಸಭೆಯ ಮುಂದೆ ಕಣ್ಣೀರು ಹಾಕಿ ತಪ್ಪೊಪ್ಪಿಕೊಂಡರೆ ಸಾಲದು. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಎಂದು ಯೇಸುವಿಗೆ ಹೇಳಿದ. ಇವರು ಅಸಲನ್ನಾದರೂ ಕೊಡಲಿ, ಮೊದಲು ಸಂತೆಯ ಬಡವರಿಗೆ, ಆಮೇಲೆ ನಮ್ಮವರಿಗೆ. ಅಲ್ಲಿಯವರೆಗೆ ಕಮಿಟಿಯಿಂದ ಇಳಿಯಲೇಬೇಕು.

ಅವರ ಹೆಂಡತಿ ಮಕ್ಕಳನ್ನು ಮಾತ್ರ ದೂರ ಮಾಡಬೇಡಿ. ಅವರು ಏನೂ ಮಾಡಿಲ್ಲ. ತಪ್ಪು ಮಾಡಿ ಶಿಕ್ಷೆ ಅನುಭವಿಸಿದವನು ವಿಪರೀತ ದುಃಖದಲ್ಲಿ ಮುಳುಗಿಹೋಗದಂತೆ ಕ್ಷಮಿಸಿ ಸಂತೈಸಿ ಎಂದು ಪೌಲನೇ ಆಮೇಲೆ ಬರೆದ.

ನಿಮ್ಮ ಮಗ ಕಾಲೇಜಿನಲ್ಲಿ ‘ಎಲ್ಲರೂ ಹಾಗಿಲ್ಲ’ ಎಂದು ವಾದಿಸುವುದು ಬೇಡ. ‘ಹೌದು, ತಪ್ಪಾಗಿದೆ, ಹಣ ವಾಪಸ್ ಕೊಡಿಸಲು ಅಮ್ಮ ಓಡಾಡುತ್ತಿದ್ದಾರೆ’ ಎನ್ನಲಿ. ಕಮಿಟಿ ಸಭೆ ಕರೆಯದೇ ಹೋದರೆ ನನಗೆ ಮತ್ತೆ ಬರೆಯಿರಿ.